ಶ್ರಾವಣದ ಸಂಗಮಯಾತ್ರೆಗೆ ದಾರಿ ಯಾವುದು?

ಶ್ರಾವಣ ಮಾಸ ಹತ್ತಿರವಾದಂತೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಗಳಲ್ಲಿ ಕೂಡಲಸಂಗಮಕ್ಕೆ ಹೋಗಿಬರುವ ಮಾತು ಮೊದಲಾಗುತ್ತದೆ. ಬಾಡಿಗೆಯ ವಾಹನವೊಂದನ್ನು ಗೊತ್ತುಮಾಡಿ, ವಯೋವೃದ್ಧರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಸೋಮವಾರ ಬೆಳಗಿನ ಜಾವ ಹೊರಡುವುದೆಂದು ನಿಶ್ಚಯವಾಗುತ್ತದೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿಯವರೆಗೆ ಎಲ್ಲವೂ ಚರ್ಚೆಗೆ ಬರುತ್ತದೆ. ನಡುವೆ ಎಷ್ಟು ನದಿಗಳನ್ನು ದಾಟಬೇಕು, ಅವುಗಳಲ್ಲಿ ಈಗ ನೀರೆಷ್ಟಿದೆ ಎಂಬುದನ್ನು ಮಾತ್ರ ಕೇಳುವವರು ವಿರಳ. ಕೇಳಿದರೂ ‘ನಮ್ಮಲ್ಲಿ ಮಳೆಯೇ ಇಲ್ಲವಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರ ಎಷ್ಟು ಪೊಳ್ಳೆಂಬುದಕ್ಕೆ ನಮ್ಮ ಹರಿಹರದ ತುಂಗಭದ್ರೆಯೇ ಸಾಕ್ಷಿ. ದಾವಣಗೆರೆಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಅಲ್ಲಿ ಹೊಳೆ ದಡ ಮೀರಿರುತ್ತದೆ. ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಸುರಿದ ಮಳೆ ತುಂಗೆಗೆ ಸೇರುತ್ತದೆ. ಗಾಜನೂರಿನ ಅಣೆಕಟ್ಟು ಚಿಕ್ಕದಾದ್ದರಿಂದ ಬೇಗ ತುಂಬಿ, ಹೆಚ್ಚಾದ ನೀರು ಹೊರಬೀಳುತ್ತದೆ. ಅದು ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹೊನ್ನಾಳಿಯನ್ನು ಹಾಯ್ದು ನಮ್ಮತ್ತ ಬರುತ್ತದೆ. ಹೊಳೆ ಏರಿದಾಗ ಫತ್ಯಾಪುರದಿಂದ ಉಕ್ಕಡಗಾತ್ರಿಗೆ ಹೋಗುವ ರಸ್ತೆ ಮುಳುಗುವುದನ್ನು ಕರಿಬಸವೇಶ್ವರರ ಗದ್ದುಗೆಗೆ ನಡೆದುಕೊಳ್ಳುವ ಭಕ್ತರೆಲ್ಲ ಬಲ್ಲರು. ಮನೆಯ ಹತ್ತಿರದಲ್ಲಿ ತಿಳಿದಿರುವ ಈ ಸಂಗತಿಯನ್ನು ದೂರದ ಪ್ರಯಾಣದಲ್ಲಿ ನಾವು ಮರೆಯುವುದು ಸೋಜಿಗ.

ಸಂಗಮಕ್ಕೆ ನಮ್ಮವರು ಸಾಮಾನ್ಯವಾಗಿ ಹಿಡಿಯುವ ಒಂದು ದಾರಿ ಹುಬ್ಬಳ್ಳಿ, ನವಲಗುಂದ, ನರಗುಂದಗಳ ಮೇಲೆ ಬಾಗಲಕೋಟೆಗೆ ಹೋಗುವಂಥದು. ಇದರಲ್ಲಿ ಎರಡು ತೊಡಕುಗಳಿವೆ. ಯಮನೂರಿನ ಬಳಿಯ ಬೆಣ್ಣಿಹಳ್ಳ ಹೆಸರಿಗೆ ಹಳ್ಳ, ಸ್ವಭಾವದಲ್ಲಿ ಹೊಳೆ; ಒಂದೇ ರಾತ್ರಿಯ ಮಳೆಗೆ ಕಪ್ಪುನೆಲದ ಹೊಲಗಳ ಮೇಲೆ ಹರಡಿಬಿಡುತ್ತದೆ. ಮುಂದೆ ಕೊಣ್ಣೂರಿನ ಬಳಿ ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಗೆ ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟು ಉಂಟು. 2019ರ ಆಗಸ್ಟ್‌ನಲ್ಲಿ ಆ ಜಲಾಶಯ ತುಂಬಿ ನೀರು ಬಿಟ್ಟಾಗ ಕೊಣ್ಣೂರು ಜಲಾವೃತವಾಯಿತು, ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಕಡಿದುಹೋಯಿತು. ಅದೇ ದಿನಗಳಲ್ಲಿ ನಮ್ಮೂರಿನ ಪಕ್ಕದಲ್ಲೇ ಸಾಗುವ ಬೆಂಗಳೂರು–ಪುಣೆ ಹೆದ್ದಾರಿಯೂ ಕೊಲ್ಹಾಪುರದ ಬಳಿ ಪಂಚಗಂಗೆಯ ಪ್ರವಾಹದಿಂದ ಹಲವು ದಿನ ಮುಚ್ಚಿತ್ತು. 2021ರ ಜುಲೈನಲ್ಲಿ ಮತ್ತೆ ಅದೇ ಅವಸ್ಥೆ. ರಸ್ತೆ ಅಗಲವಾಗಿದೆಯೆಂದು ನದಿ ದಾರಿ ಬಿಡುವುದಿಲ್ಲ.

ಇನ್ನೊಂದು ದಾರಿ ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದಗಳ ಮೇಲಿನದು. ಬೆಣ್ಣಿಹಳ್ಳ, ಕೊಣ್ಣೂರು ಎರಡೂ ಇದರಲ್ಲಿ ತಪ್ಪುತ್ತವೆ. ಬಯಲುಸೀಮೆಯ ನಡುವೆ ಸಾಗುವುದರಿಂದ ಮಳೆಗಾಲಕ್ಕೆ ಇದೇ ಲೇಸೆಂದು ನನ್ನ ಎಣಿಕೆ. ಆದರೆ ಇಲ್ಲಿಯೂ ಹೊಸಪೇಟೆಯ ಬಳಿ ತುಂಗಭದ್ರೆಯನ್ನೂ ಹುನಗುಂದದ ಆಚೆ ಮಲಪ್ರಭೆಯನ್ನೂ ದಾಟಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ, ದುರಸ್ತಿಗಾಗಿ ಜಲಾಶಯದ ನೀರನ್ನೇ ಇಳಿಸಬೇಕಾಯಿತು. ಮಳೆಯಿಲ್ಲದೆಯೂ ಹೊಳೆ ಉಕ್ಕಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದಕಾರಣ ಹೊರಡುವ ಮೂರು ದಿನ ಮೊದಲಿನಿಂದಲೇ ಪತ್ರಿಕೆಯಲ್ಲಿ ಪ್ರಕಟವಾಗುವ ಜಲಾಶಯಗಳ ಒಳಹರಿವು, ಹೊರಹರಿವುಗಳ ಪಟ್ಟಿಯನ್ನು ಮನೆಯಲ್ಲಿ ಒಬ್ಬರು ತಪ್ಪದೆ ನೋಡಬೇಕು. ನವಿಲುತೀರ್ಥದ ಹೊರಹರಿವು ಏರುತ್ತಿದ್ದರೆ ನರಗುಂದದ ದಾರಿಯನ್ನು ಬಿಡುವುದೇ ಸರಿ. ಹಿಂದಿನ ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ, ಆ ಕಡೆಯಿಂದ ಬಂದ ಬಸ್ಸಿನ ಚಾಲಕರನ್ನು ವಿಚಾರಿಸಿರಿ. ಅವರಷ್ಟು ನಿಖರವಾಗಿ ಹೇಳುವವರು ಇಲ್ಲ. ಆಯಾ ಜಿಲ್ಲೆಯ ನಿಯಂತ್ರಣ ಕೊಠಡಿಯ 1077 ಸಂಖ್ಯೆಯೂ ಇದೆ. ದೂರವಾಣಿಯ ನಕ್ಷೆ ಹತ್ತಿರದ ದಾರಿಯೆಂದು ತೋರಿಸುವ ಹಳ್ಳಿಯ ರಸ್ತೆಗಳನ್ನು ನಂಬಬೇಡಿ, ಅವುಗಳಲ್ಲಿ ತಗ್ಗು ಸೇತುವೆಗಳೇ ಹೆಚ್ಚು. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡಡಿ ಹರಿಯುವ ನೀರು ದೊಡ್ಡ ವಾಹನವನ್ನೂ ಎಳೆದೊಯ್ಯಬಲ್ಲದು. ಚಾಲಕ ಎಷ್ಟೇ ಧೈರ್ಯ ಹೇಳಿದರೂ ಅಂಥಲ್ಲಿ ಇಳಿಸಗೊಡಬಾರದು. ಕತ್ತಲಾದ ಮೇಲಂತೂ ಪ್ರಯಾಣ ಸಲ್ಲದು.

‘ಸೋಮವಾರವೇ ದರ್ಶನವಾಗಬೇಕು’ ಎಂಬ ಹಟ ಹಿರಿಯರಲ್ಲಿ ಕಂಡುಬರುವುದು ಸಹಜ. ವಾರ, ತಿಥಿ, ಲಗ್ನಗಳ ಲೆಕ್ಕಾಚಾರವನ್ನು ಬಸವಾದಿ ಶರಣರು ಒಪ್ಪಲಿಲ್ಲವೆಂಬುದನ್ನು ಅವರಿಗೆ ವಿನಯದಿಂದ ನೆನಪಿಸಬಹುದು. ಇಷ್ಟಲಿಂಗ ಕರಸ್ಥಲದಲ್ಲಿರುವವರಿಗೆ ಯಾತ್ರೆ ಎರಡು ವಾರ ಮುಂದೆ ಹೋದರೆ ಲೋಪವೇನು? ಉಳವಿಯ ಚನ್ನಬಸವೇಶ್ವರ ಜಾತ್ರೆ ಮಾಘದ ಭಾರತ ಹುಣ್ಣಿಮೆಗೆ ನಡೆಯುತ್ತದೆ. ಚಕ್ಕಡಿಗಳು ಕಾಡಿನ ದಾರಿಯಲ್ಲಿ ಸಾಗಲು ಅದು ಎಷ್ಟು ಅನುಕೂಲವಾದ ಕಾಲವೆಂಬುದನ್ನು ನೋಡಿದವರೇ ಬಲ್ಲರು.

ಸಂಗಮವನ್ನು ತಲುಪಿದ ಮೇಲೂ ಎಚ್ಚರ ಬೇಕು. ಬಸವಣ್ಣನವರ ಐಕ್ಯಮಂಟಪ ಬಸವಸಾಗರದ ಹಿನ್ನೀರಿನ ನಡುವೆ, ಬಾವಿಯಂತಹ ಸುತ್ತುಗೋಡೆಯ ರಕ್ಷಣೆಯಲ್ಲಿದೆ. ಕೃಷ್ಣೆ, ಮಲಪ್ರಭೆಗಳೆರಡೂ ತುಂಬಿರುವಾಗ ಮಕ್ಕಳನ್ನು ಹೊಳೆಯ ಸ್ನಾನಕ್ಕೆ ಬಿಡಬಾರದು. ಮರಳುವ ಮುನ್ನ ದಾರಿಯನ್ನು ಮತ್ತೆ ವಿಚಾರಿಸಬೇಕು. ಹೋಗುವಾಗ ತೆರೆದಿದ್ದ ಸೇತುವೆ ಬರುವಾಗ ಮುಚ್ಚಿರಬಹುದು. ಹಾಗಾದರೆ ಒಂದೆರಡು ರಾತ್ರಿ ಅಲ್ಲಿಯೇ ಉಳಿಯುವ ಸಿದ್ಧತೆಯಿರಲಿ. ಹಿರಿಯರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗುವಂತೆ ಮೊದಲೇ ಕಟ್ಟಿಟ್ಟುಕೊಳ್ಳಿರಿ.