ಮಳೆಗಾಲದ ಲೆಕ್ಕ ಕೇಳುವವರಾರು?

2019ರ ಆಗಸ್ಟ್‌ನಲ್ಲಿ ತುಂಗೆ, ಭದ್ರೆಯರಿಬ್ಬರೂ ಉಕ್ಕಿ ಹರಿದ ದಿನಗಳನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಜನ ಮರೆತಿಲ್ಲ. ಮೋರಿ ಕಟ್ಟಿಕೊಂಡರೆ, ಕುಡಿಯುವ ನೀರಿನ ಪೈಪು ಕೊಚ್ಚಿಹೋದರೆ, ಬೀದಿದೀಪ ಆರಿದರೆ ಹಳ್ಳಿಗರಿಗೆ ಹತ್ತಿರವಿರುವ ಬಾಗಿಲು ಗ್ರಾಮ ಪಂಚಾಯಿತಿಯೊಂದೇ.

ಪಂಚಾಯಿತಿಯ ಸಾಧನೆಯನ್ನು ಒರೆಗೆ ಹಚ್ಚಲು ಕಾನೂನಿನಲ್ಲೇ ಜಮಾಬಂದಿಯೆಂಬ ದಾರಿಯಿದೆ. ಹಿಂದಿನ ಆರ್ಥಿಕ ವರ್ಷದ ಲೆಕ್ಕಪತ್ರ, ಕಾಮಗಾರಿಗಳನ್ನು ಊರವರ ಸಮ್ಮುಖದಲ್ಲಿ ಪರಿಶೀಲಿಸುವ ವ್ಯವಸ್ಥೆಯಿದು. ಆದರೆ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್‌ಗೆ. ಹಾಗಾಗಿ 2019ರ ಮಳೆಯ ಖರ್ಚು ಜಮಾಬಂದಿಗೆ ಬರಬೇಕಾದದ್ದು 2020ರಲ್ಲಿ. ಅಷ್ಟರಲ್ಲಿ ಕೊರೊನಾ ಬಂದಿತ್ತು. 2015ರಲ್ಲಿ ಆಯ್ಕೆಯಾಗಿದ್ದ ಸದಸ್ಯರ ಅವಧಿ ತೀರಿ, ಅವರ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಕುಳಿತಿದ್ದರು. ಡಿಸೆಂಬರ್‌ನಲ್ಲಿ ಚುನಾವಣೆ ನಡೆದು ಹೊಸ ಸದಸ್ಯರು ಬಂದರು. ತಾವು ಮಾಡದ ಖರ್ಚಿಗೆ ಅವರು ಏನೆಂದು ಉತ್ತರಿಸಿಯಾರು? ತಾಲ್ಲೂಕು ಪಂಚಾಯಿತಿಯಾದರೂ ಕೇಳೀತೆಂದರೆ, ಅದರ ಅವಧಿಯೂ 2021ರಲ್ಲಿ ಮುಗಿಯಿತು. ಮರುಚುನಾವಣೆ ವರ್ಷಗಟ್ಟಲೆ ನಡೆಯಲೇ ಇಲ್ಲ.

ನಾನು ಪಂಚಾಯಿತಿಗಳನ್ನು ದೂರುತ್ತಿಲ್ಲ. ಸುರಿಯುವ ಮಳೆಯಲ್ಲಿ ನೀರಗಂಟಿ ಪಡುವ ಪಾಡು ಯಾವ ಲೆಕ್ಕಪುಸ್ತಕದಲ್ಲೂ ಕಾಣದು. ಕೇಳುವವರಿಲ್ಲದಿದ್ದಾಗ ಲೋಪದೊಡನೆ ಆ ದುಡಿಮೆಯೂ ಮುಚ್ಚಿಹೋಗುತ್ತದೆ.

ಅಡಿಕೆ ಕೊಯ್ಲು ಬಿರುಸಾಗುವ ಮುನ್ನ, ಮಳೆ ನಿಂತೊಡನೆ ವಿಶೇಷ ಗ್ರಾಮಸಭೆ ಕರೆದು ಆ ಮಳೆಗಾಲದ ಲೆಕ್ಕವೊಂದನ್ನೇ ಓದಿ ಹೇಳಲಿ. ಮೋರಿ ಎಲ್ಲಿ ಕುಸಿದಿತ್ತೆಂಬುದು ಆಗಿನ್ನೂ ಎಲ್ಲರ ಕಣ್ಣಮುಂದೆ ಇರುತ್ತದೆ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.