ಹುಡುಗರ ಕೈಯ ಫೋನು: ಉಪದ್ರವವೋ, ರಾತ್ರಿ ಶಾಲೆಯೋ?

ನಾಲ್ಕು ಮಂದಿ ಹೋಟೆಲಿನವರು ಒಂದು ಕಡೆ ಸೇರಿದರೆ ಮೊದಲು ಗ್ಯಾಸಿನ ರೇಟು, ಆಮೇಲೆ ಬಾಡಿಗೆ, ಅದು ಮುಗಿದ ಮೇಲೆ ಹುಡುಗರ ಮೊಬೈಲು. ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕಿದವರು ಕೈಯಿಂದ ಫೋನು ಇಳಿಸುವುದಿಲ್ಲ ಎಂಬ ದೂರು ಮುಂಬಯಿಯಲ್ಲೂ ಪುಣೆಯಲ್ಲೂ ಒಂದೇ ರಾಗದಲ್ಲಿ ಕೇಳಿಬರುತ್ತದೆ. ನಾನೂ ಅದೇ ರಾಗ ಹಾಡುತ್ತಿದ್ದವನು. ಗಲ್ಲಾದ ಪಕ್ಕ ಒಂದು ದೊಡ್ಡ ಬಿಸ್ಕಿಟ್ ಡಬ್ಬಿ ಇಟ್ಟು, ಬೆಳಿಗ್ಗೆ ಡ್ಯೂಟಿಗೆ ಬಂದವರೆಲ್ಲ ಅದರಲ್ಲಿ ಫೋನು ಹಾಕಬೇಕು, ರಾತ್ರಿ ಬಾಗಿಲು ಹಾಕುವಾಗ ತೆಗೆದುಕೊಳ್ಳಬೇಕು ಎಂದು ಕಟ್ಟಪ್ಪಣೆ ಮಾಡಿದ್ದೆ.

2022ರಲ್ಲಿ ಬೈಂದೂರು ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ನಮ್ಮಲ್ಲಿ ಕ್ಲೀನರ್ ಆಗಿದ್ದ. ಮಧ್ಯಾಹ್ನ ಊಟದ ರಶ್ ಮುಗಿದು ಮೂರರಿಂದ ನಾಲ್ಕೂವರೆ ತನಕ ನಮ್ಮಲ್ಲಿ ವಿಶ್ರಾಂತಿ. ಆ ಹೊತ್ತಿಗೆ ಇವನು ದಿನಾ ಡಬ್ಬಿಯ ಹತ್ತಿರ ಬಂದು ನಿಲ್ಲುತ್ತಿದ್ದ. "ಅಣ್ಣಾ, ಒಂದ್ ಗಂಟಿ ಕೊಡಿ, ನಾಲ್ಕ್ ಗಂಟಿಗೆ ವಾಪಸ್ ಹಾಕ್ತೆ" ಎಂದು ಕೇಳುತ್ತಿದ್ದ. ಮೂರು ನಾಲ್ಕು ದಿನ ಕೊಟ್ಟೆ. ಒಂದು ದಿನ ಹೋಗಿ ನೋಡಿದರೆ ಗೋಣಿಗಳ ಮಧ್ಯೆ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು ಯೂಟ್ಯೂಬ್ ನೋಡುತ್ತಿದ್ದಾನೆ. ಎಲ್ಲರ ಎದುರು ಬೈದೆ. "ಸಿನಿಮಾ ನೋಡುವುದಕ್ಕೆ ಮುಂಬಯಿಗೆ ಬಂದದ್ದಾ?" ಎಂದು ಕೇಳಿದ್ದು ನೆನಪಿದೆ. ಅವನು ಎದುರುತ್ತರ ಕೊಡಲಿಲ್ಲ. ತಿಂಗಳು ತುಂಬಿದ ಮೇಲೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋದ.

ಹೋದ ಮೇಲೆ ನಮ್ಮ ಅಡಿಗೆ ಭಟ್ಟರು ಹೇಳಿದರು: "ಅವ ಹತ್ತನೇ ಪರೀಕ್ಷೆಗೆ ಓದ್ತಿದ್ದ ಮಾರಾಯ್ರೆ. ಫೋನಿನಲ್ಲಿ ಗಣಿತದ ಪಾಠ ಕೇಳ್ತಿದ್ದ."

ನನಗೆ ನಾಚಿಕೆಯಾದದ್ದು ಬೈದದ್ದಕ್ಕೆ ಮಾತ್ರ ಅಲ್ಲ. ನಾನು ಸ್ವತಃ 1979ರಲ್ಲಿ ಏಳನೆಯ ತರಗತಿ ಮುಗಿಸಿ, ಹದಿಮೂರನೆಯ ವಯಸ್ಸಿಗೆ ಫೋರ್ಟಿನ ಒಂದು ಹೋಟೆಲಿಗೆ ಕಪ್ಪು ತೊಳೆಯಲು ಸೇರಿದವನು. ಸಂಜೆ ಆರಕ್ಕೆ ಕೈ ತೊಳೆದುಕೊಂಡು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆ. ಸಂಜೆಯ ರಶ್ಶಿನ ಹೊತ್ತಿನಲ್ಲೇ ನನ್ನನ್ನು ಬಿಡುತ್ತಿದ್ದ ಧನಿಗಳು ತಮ್ಮ ಹೆಸರೂ ಸರಿಯಾಗಿ ಬರೆಯಲಾರದವರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕಿಗೆ ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ಮಾಡಿದವರು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆಂದು ಓದುಗರಿಗೆ ಹೇಳಬೇಕಾಗಿಲ್ಲ. ಹುಡುಗರಿಲ್ಲದೆ ಆ ಶಾಲೆಗಳಲ್ಲಿ ಎಷ್ಟೋ ಮುಚ್ಚಿಹೋದವು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಲ್ಲಿ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ಕಾನೂನಿನಂತೆ ನಿಂತಿತು, ನಿಲ್ಲಲೇಬೇಕಾಗಿತ್ತು. ಆದರೆ ಎಂಟೋ ಒಂಬತ್ತೋ ಓದಿ ಬಿಟ್ಟು, ಹದಿನೆಂಟು ತುಂಬಿದ ಮೇಲೆ ನಮ್ಮಲ್ಲಿಗೆ ಬರುವವರು ಈಗಲೂ ಇದ್ದಾರೆ. ಅವರಿಗೆ ರಾತ್ರಿ ಶಾಲೆ ಎಲ್ಲಿದೆ? ನಾನು ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತಿದ್ದ ಫೋನಿನಲ್ಲೇ ಇತ್ತು.

ಆಮೇಲೆ ಮಗನನ್ನು ಕೂರಿಸಿಕೊಂಡು ಇದನ್ನೆಲ್ಲ ವಿಚಾರಿಸಿದೆ. ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆ, ಅಂದರೆ ಎನ್.ಐ.ಓ.ಎಸ್., 1989ರಿಂದ ಇದೆ. 14 ತುಂಬಿದ ಯಾರೂ ಹತ್ತನೆಯ ತರಗತಿಗೆ ಹೆಸರು ಕೊಡಬಹುದು, ಅರ್ಜಿ ಆನ್‌ಲೈನಿನಲ್ಲೇ. ಐದು ವಿಷಯ ಪಾಸಾದರೆ ಸರ್ಟಿಫಿಕೇಟು. ಐದನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಬೋರ್ಡ್ ಪರೀಕ್ಷೆಯಲ್ಲಿ ಫೇಲಾದವನು ಅಲ್ಲಿ ಪಾಸಾದ ವಿಷಯಗಳಲ್ಲಿ ಎರಡರ ತನಕ ಇಲ್ಲಿಗೆ ವರ್ಗಾಯಿಸಿಕೊಳ್ಳುವ ಸೌಲಭ್ಯವೂ ಇದೆ. ಅಂಥವನಿಗೆ ಉಳಿಯುವುದು ಮೂರೇ ವಿಷಯ. ಪಾಠಗಳ ವೀಡಿಯೋ ಯೂಟ್ಯೂಬಿನಲ್ಲಿ ಪುಕ್ಕಟೆ. 2017ರಲ್ಲಿ ಶುರುವಾದ ಸರಕಾರದ ಸ್ವಯಂ ತಾಣದಲ್ಲೂ ಇವರ ಕೋರ್ಸುಗಳಿವೆ. ನಮಗೆ ರಾತ್ರಿ ಶಾಲೆಯಲ್ಲಿ ಒಂದು ಪಾಠ ತಪ್ಪಿದರೆ ತಪ್ಪಿತು. ಇವರು ಅದನ್ನೇ ನಾಲ್ಕು ಸಲ ತಿರುಗಿಸಿ ಕೇಳಬಹುದು.

ಹಾಗೆಂದು ಡಬ್ಬಿ ಎತ್ತಿ ಎಸೆದೆನೆಂದಲ್ಲ. ಒಲೆಯ ಹತ್ತಿರ, ಹಿಟ್ಟಿನ ಹತ್ತಿರ, ಸಪ್ಲೈ ಮಾಡುವಾಗ ಫೋನು ಈಗಲೂ ಕೂಡದು. ಫೋನು ಮುಟ್ಟಿದ ಕೈ ತೊಳೆಯದೆ ತಟ್ಟೆಗೆ ಹೋಗಬಾರದು, ಅದರಲ್ಲಿ ರಿಯಾಯಿತಿ ಇಲ್ಲ. ಮೂರರಿಂದ ನಾಲ್ಕೂವರೆ ಮಾತ್ರ ಅವರದ್ದು. ವೈಫೈ ಪಾಸ್‌ವರ್ಡ್ ಕೊಟ್ಟಿದ್ದೇನೆ. ರೀಲ್ಸ್ ನೋಡುವವನು ನೋಡುತ್ತಾನೆ, ಮಲಗುವವನು ಮಲಗುತ್ತಾನೆ. ರಾತ್ರಿ ಶಾಲೆಗೆಂದು ಹೊರಟು ಸಿನಿಮಾಕ್ಕೆ ಹೋಗುತ್ತಿದ್ದವರು ನಮ್ಮ ಕಾಲದಲ್ಲಿ ಇರಲಿಲ್ಲವೇ?

ನಮ್ಮ ಕೆಲಸದ ವಿಷಯಕ್ಕೆ ಬರುತ್ತೇನೆ. ಇಂದು ನಮ್ಮ ಹೋಟೆಲುಗಳಲ್ಲಿ ಊರಿನವರಿಗಿಂತ ಜಾರ್ಖಂಡ್, ಒಡಿಶಾ, ನೇಪಾಳದ ಹುಡುಗರೇ ಹೆಚ್ಚಾಗುತ್ತಿದ್ದಾರೆ. ನಮ್ಮಲ್ಲಿ ಎಲ್ಲರ ಒಂದು ವಾಟ್ಸಾಪ್ ಗ್ರೂಪ್ ಇದೆ. ಡ್ಯೂಟಿ ಪಾಳಿಯನ್ನು ಬರೆದು ಹಾಕುವುದಿಲ್ಲ, ಹಿಂದಿಯಲ್ಲಿ ಮಾತಾಡಿ ವಾಯ್ಸ್ ಮೆಸೇಜ್ ಹಾಕುತ್ತೇವೆ. ಓದಲು ಬಾರದವನಿಗೂ ತಲುಪುತ್ತದೆ. ಸಾಂಬಾರಿನ ಅಳತೆಯನ್ನು ಭಟ್ಟರು ಮಾಡಿ ತೋರಿಸುವ ಎರಡು ನಿಮಿಷದ ವೀಡಿಯೋ ಅದೇ ಗ್ರೂಪಿನಲ್ಲಿದೆ. ಭಟ್ಟರು ರಜೆಯಲ್ಲಿ ಊರಿಗೆ ಹೋದಾಗ ಅದರ ಬೆಲೆ ಗೊತ್ತಾಯಿತು. ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಟ್ಯಾಕ್ ತರಬೇತಿಯೂ ಆನ್‌ಲೈನಿನಲ್ಲಿ ಸಿಗುತ್ತದೆ. 25 ಮಂದಿ ಕೆಲಸಗಾರರಿಗೆ ತರಬೇತಿಯಾದ ಒಬ್ಬ ಮೇಲ್ವಿಚಾರಕನಿರಬೇಕು ಎಂಬುದು ಅವರ ಲೆಕ್ಕ. ನಮ್ಮ ಸಪ್ಲೈಯರ್ ಒಬ್ಬ ಫೋನಿನಲ್ಲೇ ಕೂತು ಮುಗಿಸಿ ಸರ್ಟಿಫಿಕೇಟು ತಂದ.

ಇನ್ನು ನಮ್ಮದು, ಧನಿಗಳದ್ದು. ಹುಡುಗರಿಗೆ ಬುದ್ಧಿ ಹೇಳುವ ನಾವು ನಮ್ಮ ಫೋನಿನಲ್ಲಿ ಮಾಡುವುದೇನು? ಬೆಳಿಗ್ಗೆ ಎದ್ದು ನೂರು ಮಂದಿಗೆ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸುವುದು. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಉಚಿತ. ಅದರಲ್ಲಿ ತಿಂಡಿಗಳ ಫೋಟೋ, ದರ ಹಾಕಿ ಕ್ಯಾಟಲಾಗ್ ಮಾಡಬಹುದು. ಕೇಟರಿಂಗ್ ಮಾಡುವವರಿಗೆ ಇದರ ದೊಡ್ಡ ಉಪಕಾರ ಜಾಹೀರಾತಲ್ಲ, ಬರಹದಲ್ಲಿ ಉಳಿಯುವ ಆರ್ಡರು. ನಾಮಕರಣಕ್ಕೆ 150 ಪ್ಲೇಟು ಇಡ್ಲಿ ಎಂದು ಫೋನಿನಲ್ಲಿ ಹೇಳಿ, 250 ಹೇಳಿದ್ದೆವೆಂದು ಜಗಳಕ್ಕೆ ಬಂದವರನ್ನು ನಾನು ಕಂಡಿದ್ದೇನೆ. ಈಗ ಮಾತಾಡಿದ ಕೂಡಲೇ ದಿನಾಂಕ, ಸಂಖ್ಯೆ, ಅಡ್ವಾನ್ಸ್ ಬರೆದು ಕಳಿಸುತ್ತೇನೆ. ಅವರಿಂದ "ಓಕೆ" ಬಂದ ಮೇಲೆಯೇ ಅಕ್ಕಿ ನೆನೆಯುವುದು.

ಗೂಗಲ್ ಮ್ಯಾಪಿನಲ್ಲಿ ನಿಮ್ಮ ಹೋಟೆಲು ಇದೆಯೇ ಎಂದು ಇಂದೇ ನೋಡಿ. ನೀವು ಹಾಕದಿದ್ದರೂ ಯಾರೋ ಗಿರಾಕಿ ಹಾಕಿರುತ್ತಾನೆ, ಸಮಯ ತಪ್ಪಿರುತ್ತದೆ. ಗಣೇಶ ಚೌತಿಯ ದಿನ ನಮ್ಮ ಬಾಗಿಲು ಮುಚ್ಚಿತ್ತು, ಮ್ಯಾಪ್ ತೆರೆದಿದೆ ಎಂದಿತು. ದೂರದಿಂದ ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಬಂದ ಗಿರಾಕಿ ಒಂದು ಸ್ಟಾರ್ ಕೊಟ್ಟು ಬರೆದ. ನನ್ನ ಮಗ ಸಿಟ್ಟಿನಲ್ಲಿ ಖಾರವಾಗಿ ಉತ್ತರ ಬರೆದ. ಅದನ್ನು ಓದಿ ಬೇರೆ ಗಿರಾಕಿಗಳು ನನ್ನನ್ನು ಗಲ್ಲಾದಲ್ಲೇ ಕೇಳಿದರು. ಅದನ್ನು ಅಳಿಸಿ, ತಪ್ಪಾಯಿತೆಂದು ನಾಲ್ಕು ಸಾಲು ಬರೆಸಿದೆ. ಪಟ್ಟಿ ನಮ್ಮದೆಂದು ಗೂಗಲ್ಲಿಗೆ ತೋರಿಸಿಕೊಟ್ಟರೆ ಹಬ್ಬದ ದಿನಗಳ ಸಮಯ ನಾವೇ ಹಾಕಬಹುದು. ಪುಕ್ಕಟೆ ಕಾಫಿ ಕೊಟ್ಟು ಐದು ಸ್ಟಾರ್ ಬರೆಸುವವರೂ ಇದ್ದಾರೆ. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಮಾಡಬೇಡಿ.

ಒಂದು ಎಚ್ಚರಿಕೆ. ಮಿಲಿಟರಿ ಆಫೀಸರ್ ಎಂದು ಹೇಳಿ, ಸಮವಸ್ತ್ರದ ಫೋಟೋ, ಐಡಿ ಕಾರ್ಡ್ ವಾಟ್ಸಾಪಿನಲ್ಲಿ ಕಳಿಸಿ, ಐವತ್ತು ಊಟ ಆರ್ಡರ್ ಮಾಡುವ ಮೋಸಗಾರರು ನಮ್ಮ ಉದ್ಯಮದವರನ್ನೇ ಹುಡುಕುತ್ತಾರೆ. ಊಟ ಪ್ಯಾಕ್ ಆದ ಮೇಲೆ "ಹಣ ಕಳಿಸುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎನ್ನುತ್ತಾರೆ. ಯುಪಿಐಯಲ್ಲಿ ಹಣ ಬರಲು ಪಿನ್ ಬೇಕಾಗಿಲ್ಲ, ಪಿನ್ ಹಾಕಿದರೆ ಹೋಗುವುದು ನಮ್ಮ ಹಣ. ಸಿಕ್ಕಿಬಿದ್ದರೆ ನಾಚಿಕೆ ಪಡದೆ ಕೂಡಲೇ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ಹಣ ಸಿಗುವ ಆಸೆ ಕಡಿಮೆ. ಗಲ್ಲಾದಲ್ಲಿ ಕೂರುವ ಎಲ್ಲರಿಗೂ ಇದನ್ನು ಹೇಳಿಕೊಟ್ಟಿರಬೇಕು.

ಬೈಂದೂರಿನ ಆ ಹುಡುಗ ಎರಡು ಸ್ಟೇಷನ್ ಆಚೆಯ ಒಂದು ಹೋಟೆಲಿಗೆ ಸೇರಿದ. 2023ರಲ್ಲಿ ಹತ್ತನೆಯದು ಮುಗಿಸಿದನಂತೆ. ಈಗ ಅಲ್ಲಿ ಕ್ಯಾಷಿಯರ್, ಆನ್‌ಲೈನ್ ಆರ್ಡರುಗಳನ್ನೂ ಅವನೇ ನೋಡಿಕೊಳ್ಳುತ್ತಾನೆ. ಅಲ್ಲಿನ ಧನಿಗಳು ಒಂದು ಮದುವೆಯಲ್ಲಿ ಸಿಕ್ಕಿ, "ಒಳ್ಳೇ ಜನ ಕಳಿಸಿದ್ದೀರಿ" ಎಂದರು. ನಾನು ಕಳಿಸಿದ್ದಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ನಮ್ಮಲ್ಲಿ ಈಗ ಇಬ್ಬರು ಹೆಸರು ಕೊಟ್ಟಿದ್ದಾರೆ. ಒಬ್ಬನಿಗೆ ಮೂರು ವಿಷಯ ಆಗಿದೆ. ಇನ್ನೊಬ್ಬನಿಗೆ ಗಣಿತ ಹೋಗಿದೆ, ಅಕ್ಟೋಬರಿನಲ್ಲಿ ಮತ್ತೆ ಕೂರುತ್ತಾನೆ. ಆ ವಾರ ಅವನ ಪಾಳಿ ಯಾರು ನೋಡಿಕೊಳ್ಳಬೇಕೆಂಬುದನ್ನು ಈಗಲೇ ಗ್ರೂಪಿನಲ್ಲಿ ಹಾಕಿಯಾಗಿದೆ.