ಟಾರ್ಚು ಹಿಡಿದವನ ಕನಸು

ಆಟ ಆರಂಭವಾಗಿ ಐದು ನಿಮಿಷ ಕಳೆದ ಮೇಲೆ ಚಿತ್ರಮಂದಿರದೊಳಗೆ ಕಾಲಿಟ್ಟ ಅನುಭವ ಯಾರಿಗಿಲ್ಲ? ಎದುರಿಗೆ ತೆರೆ ಬೆಳಗುತ್ತಿರುತ್ತದೆ. ಕಾಲ ಬುಡದಲ್ಲಿ ಮಾತ್ರ ಕಗ್ಗತ್ತಲೆ. ಆಗ ಎಲ್ಲಿಂದಲೋ ಒಂದು ಟಾರ್ಚಿನ ಬೆಳಕು ಬಂದು ಮೆಟ್ಟಿಲನ್ನೂ ಕುರ್ಚಿಯ ಸಾಲನ್ನೂ ತೋರಿಸಿ ಮರೆಯಾಗುತ್ತದೆ. ಆ ಬೆಳಕು ಹಿಡಿದವನ ಮುಖವನ್ನು ನೋಡಿದವರು ವಿರಳ. ಊರವರೆಲ್ಲರ ಕನಸಿಗೆ ದಾರಿ ತೋರಿಸುವ ಆ ಮನುಷ್ಯನಿಗೂ ತನ್ನದೇ ಒಂದು ಕನಸು ಇರಬಾರದೆ?

ಈ ಪ್ರಶ್ನೆಯಿಂದಲೇ ಹುಟ್ಟಿದಂತಿರುವ ಕನ್ನಡ ಚಿತ್ರ ‘ಲೂಸಿಯಾ’. ಪವನ್ ಕುಮಾರ್ ಬರೆದು ನಿರ್ದೇಶಿಸಿದ ಈ ಚಿತ್ರ 2013ರ ಸೆಪ್ಟೆಂಬರ್ 6ರಂದು ಕರ್ನಾಟಕದಲ್ಲಿ ತೆರೆಕಂಡಿತು. ವಿಜ್ಞಾನದ ಕಲ್ಪನೆ, ಅಪರಾಧದ ತನಿಖೆ, ನೆರಳು ಬೆಳಕಿನ ಸೊಗಸು, ಈ ಮೂರನ್ನೂ ಒಂದೇ ಎಳೆಯಲ್ಲಿ ಹೊಸೆದ ಇಂಥ ಚಿತ್ರ ಕನ್ನಡದಲ್ಲಿ ಅಪರೂಪ. ಒಮ್ಮೆ ನೋಡಿದವರನ್ನು ಮತ್ತೊಮ್ಮೆ ನೋಡುವಂತೆ ಮಾಡುವ ಗುಣವೂ ಇದಕ್ಕುಂಟು. ಆ ಮತ್ತೊಮ್ಮೆಯ ನೋಟ ಎಲ್ಲಿ ನಡೆಯಬೇಕೆಂಬುದೇ ಇಲ್ಲಿಯ ವಿಚಾರ.

ನಿದ್ರೆಯ ಗುಳಿಗೆ

ಕಥಾನಾಯಕ ನಿಕ್ಕಿ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಬಿಡುವವನು. ಮಂದಿರದ ಒಡೆಯ ಶಂಕರಣ್ಣ ಸಾಲದಲ್ಲಿ ಮುಳುಗಿದ್ದಾನೆ. ನಿಕ್ಕಿಗೆ ರಾತ್ರಿ ನಿದ್ರೆ ಬಾರದು. ಯಾರೋ ಕೊಟ್ಟ ‘ಲೂಸಿಯಾ’ ಎಂಬ ಗುಳಿಗೆಯನ್ನು ನುಂಗಿದರೆ ನಿದ್ರೆಯೊಡನೆ ಬಯಸಿದ ಕನಸೂ ಬರುತ್ತದೆ. ನಿನ್ನೆ ನಿಂತಲ್ಲಿಂದ ಇಂದು ಮುಂದುವರಿಯುತ್ತದೆ. ಆ ಕನಸಿನಲ್ಲಿ ಅವನು ಲಕ್ಷಾಂತರ ಜನ ಆರಾಧಿಸುವ ಚಿತ್ರನಟ! ಇನ್ನೊಂದು ಕಡೆ, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಮನುಷ್ಯನೊಬ್ಬನ ಸುತ್ತ ಪೊಲೀಸರ ತನಿಖೆ ನಡೆದಿದೆ. ಈ ಎರಡು ಎಳೆಗಳು ಎಲ್ಲಿ ಕೂಡುತ್ತವೆಂಬುದನ್ನು ಹೇಳಿಬಿಟ್ಟರೆ ಇನ್ನೂ ನೋಡದವರಿಗೆ ಅನ್ಯಾಯವಾದೀತು.

ಗುಳಿಗೆ ಕಲ್ಪಿತ, ಆದರೆ ಅದರ ಹಿಂದಿನ ವಿಜ್ಞಾನ ಪೂರ್ತಿ ಕಲ್ಪಿತವಲ್ಲ. ನಿದ್ರೆಯ ನಡುವೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ಚುರುಕಾಗಿ ಚಲಿಸುವ ಅವಧಿಗಳುಂಟು, ಕನಸುಗಳಿಗೂ ಅವುಗಳಿಗೂ ನಂಟಿದೆ ಎಂಬುದನ್ನು 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೀಟ್ಮನ್ ಪ್ರಕಟಿಸಿದರು. ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ಕೆಲವರಿಗಿರುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ಇದಕ್ಕೊಂದು ಪರೀಕ್ಷೆ ನಡೆಸಿದರು. ಕನಸುಗಾರನು ಮೊದಲೇ ಗೊತ್ತುಮಾಡಿಕೊಂಡಿದ್ದ ರೀತಿಯಲ್ಲಿ ನಿದ್ರೆಯೊಳಗಿಂದಲೇ ಕಣ್ಣು ಹೊರಳಿಸಿ ಸಂಕೇತ ಕೊಟ್ಟನು. ಯಂತ್ರ ಅದನ್ನು ಗುರುತಿಸಿಕೊಂಡಿತು. ಲೂಸಿಯಾ ಎಂಬ ಹೆಸರಿನ ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ ಬೆಳಕು ಎಂದರ್ಥ. ಕತ್ತಲೆಯಲ್ಲಿ ಬೆಳಕು ಹಿಡಿಯುವವನ ಕಥೆಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದು?

ಕಪ್ಪು ಚಿತ್ರಗಳ ಕುಲ

‘ನ್ವಾರ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. 1940ರ ದಶಕದ ಹಾಲಿವುಡ್ ಅಪರಾಧ ಚಿತ್ರಗಳನ್ನು ಕಂಡು ಫ್ರೆಂಚ್ ವಿಮರ್ಶಕರು ಕೊಟ್ಟ ಹೆಸರು ಅದು. ಮಳೆಯಲ್ಲಿ ನೆನೆದ ಬೀದಿ, ಅರ್ಧ ನೆರಳಿನಲ್ಲಿ ನಿಂತ ಮುಖ, ತಾನು ಬಿದ್ದ ಬಲೆಯನ್ನು ತಾನೇ ಬಿಗಿದುಕೊಳ್ಳುವ ನಾಯಕ, ಇವೇ ಆ ಕುಲದ ಲಕ್ಷಣಗಳು. ‘ಲೂಸಿಯಾ’ದಲ್ಲಿ ಈ ಕಪ್ಪು ಬಿಳುಪಿಗೆ ಒಂದು ಜಾಣ ತಿರುವಿದೆ. ಟಾರ್ಚಿನವನ ಬಡ ಬಾಳೆಲ್ಲ ಬಣ್ಣದಲ್ಲಿ. ನಟನ ವೈಭವವೆಲ್ಲ ಕಪ್ಪು ಬಿಳುಪಿನಲ್ಲಿ! ಛಾಯಾಗ್ರಾಹಕ ಸಿದ್ಧಾರ್ಥ ನೂನಿ ಸ್ಥಿರಚಿತ್ರಗಳಿಗಾಗಿ ಬಳಸುವಂಥ ಸಣ್ಣ ಡಿಜಿಟಲ್ ಕ್ಯಾಮೆರಾದಿಂದಲೇ ಇದನ್ನು ಸಾಧಿಸಿದರು. ಹೆಗ್ಗೋಡಿನ ನೀನಾಸಂನಲ್ಲಿ ತರಬೇತಿ ಪಡೆದ ಸತೀಶ್ ಎರಡು ಬಾಳನ್ನೂ ಬಾಳುತ್ತಾರೆ. ನಾಯಕಿ ಶ್ರುತಿ ಹರಿಹರನ್ ಅವರಿಗೆ ಇದು ಮೊದಲ ಕನ್ನಡ ಚಿತ್ರ. ಶಂಕರಣ್ಣನ ಪಾತ್ರ ಅಚ್ಯುತ್ ಕುಮಾರ್ ಅವರದು. ಸಂಗೀತ ಪೂರ್ಣಚಂದ್ರ ತೇಜಸ್ವಿಯವರದು.

ಚಿತ್ರದ ಹುಟ್ಟೂ ಸ್ವಾರಸ್ಯವಾದುದೇ. ಪವನ್ ಕುಮಾರ್ ಅವರ ಮೊದಲ ಚಿತ್ರ ‘ಲೈಫು ಇಷ್ಟೇನೆ’ 2011ರಲ್ಲಿ ಬಂದಿತ್ತು. ಆದರೂ ಈ ಎರಡನೆಯ ಕಥೆಗೆ ಹಣ ಹೂಡುವವರು ಸಿಗಲಿಲ್ಲ. ಅವರು ತಮ್ಮ ಅಳಲನ್ನು ಅಂತರಜಾಲದಲ್ಲಿ ಬರೆದುಕೊಂಡರು. ಓದಿದವರೇ ಮುಂದೆ ಬಂದರು. 27 ದಿನಗಳಲ್ಲಿ 110 ಮಂದಿಯಿಂದ 51 ಲಕ್ಷ ರೂಪಾಯಿ ಕೂಡಿತು. ಚಿತ್ರ 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಗಿ, ಪ್ರೇಕ್ಷಕರು ಆರಿಸುವ ಪ್ರಶಸ್ತಿಯನ್ನು ಪಡೆಯಿತು. 2015ರಲ್ಲಿ ‘ಎನಕ್ಕುಳ್ ಒರುವನ್’ ಎಂಬ ಹೆಸರಿನಲ್ಲಿ ತಮಿಳಿಗೂ ಹೋಯಿತು.

ಮನೆಗೆ ಬಂದ ತೆರೆ

ಇಂಥ ಚಿತ್ರವನ್ನು ಮೊದಲ ಸಲ ನೋಡುವವನು ಕಥೆಯ ಬೆನ್ನು ಹತ್ತಿರುತ್ತಾನೆ. ಎರಡನೆಯ ಸಲ ನೋಡುವವನಿಗೆ ಮಾತ್ರ ಕಟ್ಟಡ ಕಾಣುತ್ತದೆ. ಬಣ್ಣದಲ್ಲಿ ಕಂಡ ಮುಖ ಕಪ್ಪು ಬಿಳುಪಿನಲ್ಲಿ ಬೇರೆ ವೇಷದಲ್ಲಿ ಏಕೆ ಬಂದಿತು? ಅಲ್ಲಿ ನಡೆದುದಕ್ಕೆ ಇಲ್ಲಿ ಪ್ರತಿಧ್ವನಿ ಏಕೆ? ಉತ್ತರ ಸಿಗಬೇಕಾದರೆ ಚಿತ್ರ ಕೈಗೆಟುಕುವಂತಿರಬೇಕು. ಚಿತ್ರಮಂದಿರವಾದರೋ ಕೆಲವೇ ವಾರಗಳಲ್ಲಿ ಭಿತ್ತಿಪತ್ರ ಬದಲಿಸಿಬಿಡುತ್ತದೆ.

ಅಮೆರಿಕದ ‘ಬ್ಲೇಡ್ ರನ್ನರ್’ ಚಿತ್ರದ ಕಥೆಯನ್ನು ಇಲ್ಲಿ ನೆನೆಯಬೇಕು. ವಿಜ್ಞಾನಕಥೆಯ ನ್ವಾರ್ ಚಿತ್ರಗಳಿಗೆಲ್ಲ ಹಿರಿಯಣ್ಣನಂತಿರುವ ಈ ಚಿತ್ರವನ್ನು ರಿಡ್ಲಿ ಸ್ಕಾಟ್ ನಿರ್ದೇಶಿಸಿದರು. 1982ರ ಜೂನ್‌ನಲ್ಲಿ ಅದು ಬಿಡುಗಡೆಯಾದಾಗ ಜನ ಎರಡು ವಾರ ಹಿಂದೆ ಬಂದಿದ್ದ ‘ಇ.ಟಿ.’ಯ ಮುಂದೆ ಸಾಲು ನಿಂತಿದ್ದರು. ನೋಡುಗರಿಗೆ ಅರ್ಥವಾಗದೆಂಬ ಅಂಜಿಕೆಯಿಂದ ನಾಯಕನ ಬಾಯಲ್ಲಿ ವಿವರಣೆಯನ್ನೂ ಕೊನೆಯಲ್ಲಿ ಸುಖಾಂತವನ್ನೂ ಅಂಟಿಸಿದ್ದರು. ಚಿತ್ರ ಸೋತಿತು. ಆದರೆ ವೀಡಿಯೊ ಕ್ಯಾಸೆಟ್ಟಾಗಿ ಮನೆಮನೆಗೆ ಹೋಗಿ ತನ್ನ ರಸಿಕರನ್ನು ತಾನೇ ಹುಡುಕಿಕೊಂಡಿತು. 1992ರಲ್ಲಿ ಆ ಅಂಟಿಕೆಗಳನ್ನು ಕಿತ್ತುಹಾಕಿದ ರೂಪ ಬಂದಿತು; 2007ರಲ್ಲಿ ನಿರ್ದೇಶಕರ ಅಂತಿಮ ರೂಪವೂ ಬಂದಿತು. ಆ ಬಾರಿ ಡಿವಿಡಿಗಳ ಒಂದು ಪೆಟ್ಟಿಗೆಯಲ್ಲಿ ಚಿತ್ರದ ಐದು ರೂಪಗಳನ್ನು ಇಟ್ಟು ಮಾರಿದರು. ಮಂದಿರದಲ್ಲಿ ಸಿಗದ ನ್ಯಾಯ ಮನೆಯಲ್ಲಿ ಸಿಕ್ಕಿತೆಂದರೆ ತಪ್ಪಲ್ಲ.

ಕನ್ನಡದ ಮನೆಗಳಿಗೂ ಈ ಭಾಗ್ಯ ಹೊಸದಲ್ಲ. 1980ರ ದಶಕದಲ್ಲಿ ಟಿವಿಯನ್ನೂ ವಿಸಿಪಿಯನ್ನೂ ಬಾಡಿಗೆಗೆ ತಂದು, ಓಣಿಯವರೆಲ್ಲ ಚಾಪೆ ಹಾಸಿ ಕುಳಿತು, ಬೆಳಗಾಗುವ ತನಕ ಮೂರು ಚಿತ್ರ ನೋಡಿದ ಸಂಭ್ರಮವನ್ನು ಹಿರಿಯರು ಮರೆತಿರಲಾರರು. ಬೆಂಗಳೂರಿನಿಂದ ಸುಮಾರು 600 ಕಿಲೋಮೀಟರ್ ಆಚೆ, ಕಲಬುರಗಿ ಸೀಮೆಯ ಸೇಡಂ, ಚಿಂಚೋಳಿ, ಕೊಡ್ಲಿಗಳ ಕಡೆಯ ಕುಟುಂಬಕ್ಕೆ ಹೊಸ ಬಗೆಯ ಕನ್ನಡ ಚಿತ್ರ ದೊರೆಯುವುದಾದರೆ ಬಹುಮಟ್ಟಿಗೆ ಮನೆಯ ತೆರೆಯ ಮೂಲಕವೇ. ಪವನ್ ಕುಮಾರ್ ಮತ್ತು ಗೆಳೆಯರು ಇದನ್ನು ಅರಿತೇ, ನೋಡುಗರು ಹಣ ತೆತ್ತು ಕನ್ನಡ ಚಿತ್ರಗಳನ್ನು ಮನೆಯಲ್ಲಿ ನೋಡಲೆಂದು ‘ಹೋಮ್ ಟಾಕೀಸ್’ ಎಂಬ ಜಾಲತಾಣವನ್ನು ಆರಂಭಿಸಿದರು. ಹಣ ಕೊಟ್ಟು ಚಿತ್ರ ಮಾಡಿಸಿದವನೂ ನೋಡುಗನೇ, ಚಿತ್ರ ಹೋಗಿ ತಟ್ಟುವ ಬಾಗಿಲೂ ನೋಡುಗನದೇ!

ಉಳಿಯುವುದು ಯಾವುದು?

ಆದರೆ ಈ ಸಂತೋಷದೊಳಗೆ ಒಂದು ನೋವೂ ಇದೆ. ಮನೆಯ ತೆರೆ ಬೆಳಗಿದಂತೆ ಟಾರ್ಚಿನವನ ಮನೆ ಕತ್ತಲಾಯಿತು. 1968ರಲ್ಲಿ ಆರಂಭವಾದ ಬೆಂಗಳೂರಿನ ಕಪಾಲಿಯಂಥ ಮಹಾಮಂದಿರವೇ 2017ರಲ್ಲಿ ಬಾಗಿಲು ಮುಚ್ಚಿತು. ಶಂಕರಣ್ಣನ ಮಂದಿರಕ್ಕಾಗಿ ಮರುಗುವ ಚಿತ್ರವನ್ನು ಜನ ಮಂದಿರವಿಲ್ಲದೆಯೇ ನೋಡುವಂತಾಯಿತು.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂದಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಅದನ್ನು ಎರಡನೆಯ ಸಲ ನೋಡುವ ಭಾಗ್ಯ ಯಾರಿಗೂ ಇಲ್ಲ. ಕ್ಯಾಸೆಟ್ಟು, ಡಿವಿಡಿಗಳು ಕೊಂಡವನ ಕಪಾಟಿನಲ್ಲಿ ಉಳಿಯುತ್ತಿದ್ದವು. ಅಂತರಜಾಲದ ಚಿತ್ರಶಾಲೆಯಲ್ಲಿ ಚಿತ್ರವಿರುವುದು ಒಪ್ಪಂದ ಇರುವ ತನಕ. ಅವಧಿ ತೀರಿದ ರಾತ್ರಿ ಅದು ಸದ್ದಿಲ್ಲದೆ ಮಾಯವಾಗಬಹುದು. ‘ಸತಿ ಸುಲೋಚನ’ಕ್ಕೆ ಬಂದ ಗತಿ ‘ಲೂಸಿಯಾ’ದಂಥ ಚಿತ್ರಗಳಿಗೆ ಬಾರದಿರಬೇಕಾದರೆ ಒಳ್ಳೆಯ ಪ್ರತಿಗಳು ಗ್ರಂಥಾಲಯಗಳಲ್ಲಿ, ಕಾಲೇಜುಗಳಲ್ಲಿ, ಮನೆಗಳಲ್ಲಿ ಪುಸ್ತಕಗಳ ಪಕ್ಕದಲ್ಲಿಯೇ ಇರಬೇಕು.

ಒಂದು ಭಾನುವಾರ ರಾತ್ರಿ ಊಟ ಮುಗಿಸಿ, ಮೊಬೈಲನ್ನು ಬದಿಗಿಟ್ಟು, ದೀಪವಾರಿಸಿ ‘ಲೂಸಿಯಾ’ವನ್ನು ಆದಿಯಿಂದ ಅಂತ್ಯದವರೆಗೆ ನೋಡಬೇಕು. ಮುಂದಿನ ಭಾನುವಾರ ಮತ್ತೊಮ್ಮೆ ನೋಡಬೇಕು. ಮೊದಲ ಸಲ ಕಣ್ಣಿಗೆ ಬೀಳದ ಎಷ್ಟೋ ಸಂಗತಿಗಳನ್ನು ಆಗ ಮನೆಯ ಮಕ್ಕಳೇ ಬೊಟ್ಟುಮಾಡಿ ತೋರಿಸಿಯಾರು. ಟಾರ್ಚು ಹಿಡಿಯುವ ಕೆಲಸ ಆ ಹೊತ್ತಿಗೆ ಅವರದಾಗಿರುತ್ತದೆ.